ಅಂಚಿನಲ್ಲೊಂದು ಚುಕ್ಕೆ

ಫೆಬ್ರವರಿ 6

ಅಕ್ಕನಿಗೆ,

ಹನ್ನೊಂದು ವರ್ಷದ ಮೇಲೆ ನನ್ನ ಅಕ್ಷರ ಕಂಡು ನಿನಗೆ ಗಾಬರಿಯಾಗಬಹುದು. ಯಾರಿಗೂ ಏನೂ ಆಗಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಮ್ಮಿಬ್ಬರದೂ ಒಂದೇ ದನಿ. ಆ ಕಡೆಯಿಂದ ನನ್ನ ದನಿಯೇ ನನ್ನನ್ನು ಗದರಿಸಿದರೆ ನನಗೆ ಮಾತು ಹೊರಡುವುದಿಲ್ಲ. ಅದಕ್ಕೆ ಕಾಗದ.

ನಾನೀಗ ಒಂದು ದೊಡ್ಡ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿದ್ದೇನೆ. ರೋಗಿಗಳ ಫೈಲು ತೆಗೆದುಕೊಡುವುದು, ವಾಪಸ್ ಬಂದದ್ದನ್ನು ಅದರ ಜಾಗದಲ್ಲಿಡುವುದು. ಒಂದು ಚಕ್ರ ಕಿರುಗುಟ್ಟುವ ತಳ್ಳುಗಾಡಿ ನನ್ನ ಪಾಲಿಗಿದೆ. ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ, ಸುಡು ಸೆಕೆಯಲ್ಲಿ, ಅದನ್ನು ತಳ್ಳಿಕೊಂಡು ಹೋಗುತ್ತಿದ್ದಾಗ ಇಲ್ಲಿನ ಡಾಕ್ಟರಮ್ಮ ಒಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ಏನಮ್ಮ, ಎಲ್ಲರೂ ಬೆವರು ಒರೆಸ್ಕೊಳ್ತಿದ್ರೆ ನೀವು ಸ್ವೆಟರ್ ಹಾಕ್ಕೊಂಡು, ಕತ್ತಿಗೆ ಮಫ್ಲರ್ ಸುತ್ಕೊಂಡಿದ್ದೀರಲ್ಲ?" ಎಂದರು. ನಾನು ನಮ್ಮದು ಚಳಿ ಮೈ ಎಂದೆ. ಅವರು ಮಫ್ಲರ್ ಬಿಚ್ಚಿಸಿ ಕತ್ತು ಮುಟ್ಟಿ ನೋಡಿದರು. ಥೈರಾಯ್ಡ್. ನನ್ನ ಮೈಯ ಕಾವಲು ಕಣಗಳೇ ಕತ್ತಿನೊಳಗಿನ ಆ ಗ್ರಂಥಿಯನ್ನು ಪರರದೆಂದು ತಿಳಿದು ದಿನಾ ಸ್ವಲ್ಪ ಸ್ವಲ್ಪ ತಿಂದುಹಾಕುತ್ತಿವೆಯಂತೆ. ಈಗ ಬೆಳಿಗ್ಗೆ ಎದ್ದ ಕೂಡಲೇ ಒಂದು ಮಾತ್ರೆ. ಚೆನ್ನಾಗಿದ್ದೇನೆ.

ಈ ಕಾಯಿಲೆಯ ಹತ್ತು ಜನರಲ್ಲಿ ಎಂಟೊಂಬತ್ತು ಜನ ಹೆಂಗಸರೇ ಏಕೆ ಎಂದು ಡಾಕ್ಟರಮ್ಮ ಹುಡುಕುತ್ತಿದ್ದಾರೆ. ಅದಕ್ಕೆ ಅವರಿಗೆ ಒಂದೇ ಅಚ್ಚಿನ ಅವಳಿಗಳು ಬೇಕು, ಒಬ್ಬಳಿಗೆ ಕಾಯಿಲೆ ಇದ್ದು ಇನ್ನೊಬ್ಬಳಿಗೆ ಇಲ್ಲದವರು. ನನಗೊಬ್ಬಳು ಅಕ್ಕ ಇದ್ದಾಳೆ, ನನಗಿಂತ ಹನ್ನೆರಡು ನಿಮಿಷ ದೊಡ್ಡವಳು, ಅವಳು ಒಂದು ದಿನವೂ ಮಲಗಿದ್ದು ನಾನು ನೋಡಿಲ್ಲ ಎಂದು ಹೇಳಿಬಿಟ್ಟೆ.

ಫಾರಂ ಇದರ ಜೊತೆಗಿದೆ. ನಿಮ್ಮಲ್ಲಿನ ಆಸ್ಪತ್ರೆಯಲ್ಲೇ ರಕ್ತ ತೆಗೆದು ಕಳಿಸುತ್ತಾರೆ. ಇಷ್ಟವಿಲ್ಲದಿದ್ದರೆ ಹರಿದುಹಾಕು. ನಿನ್ನಿಂದ ಏನನ್ನೂ ಕೇಳುವ ಹಕ್ಕು ನನಗಿಲ್ಲ ಎಂಬುದು ನನಗೆ ಗೊತ್ತು.

ನಿನ್ನ ತಂಗಿ

—

ಫೆಬ್ರವರಿ 15

ಲೇಟು,

ನಿನ್ನನ್ನು ಬೇರೆ ಹೆಸರಿಂದ ಕರೆಯಲು ನನಗೆ ಬರುವುದಿಲ್ಲ. ಹನ್ನೆರಡು ನಿಮಿಷ ತಡವಾಗಿ ಬಂದವಳಿಗೆ ಅಪ್ಪ ಇಟ್ಟ ಹೆಸರು, ನಾನೇನು ಮಾಡಲಿ.

ರಕ್ತ ಕೊಟ್ಟೆ. ಸೂಜಿ ಹಿಡಿದ ನರ್ಸಮ್ಮ ನನ್ನ ತೋಳಲ್ಲಿ ನರ ಹುಡುಕುತ್ತ ಅರ್ಧ ಗಂಟೆ ಊರೆಲ್ಲ ಸುತ್ತಿದಳು. ಕಾಯುತ್ತಿದ್ದಾಗ ನಿನ್ನ ಡಾಕ್ಟರಮ್ಮನ ಫಾರಂ ಓದಿದೆ. ಏಳನೇ ಪ್ರಶ್ನೆ ಎರಡು ಸಲ ಬಂದಿದೆ, ಹದಿಮೂರನೆಯದು ಇಲ್ಲವೇ ಇಲ್ಲ, ಮೂರನೇ ಪುಟದ ಕೆಳಗೆ ನಾಲ್ಕು ಎಂದು ಬಿದ್ದಿದೆ. ಕೆಂಪು ಶಾಯಿಯಲ್ಲಿ ಎಲ್ಲ ಗುರುತು ಮಾಡಿ ಕಳಿಸಿದ್ದೇನೆ. ಇಷ್ಟು ದೊಡ್ಡ ರಹಸ್ಯ ಹುಡುಕುವವರು ಮೊದಲು ಒಂದರಿಂದ ಇಪ್ಪತ್ತರವರೆಗೆ ಎಣಿಸುವುದು ಕಲಿಯಲಿ ಎಂದು ನನ್ನ ಕಡೆಯಿಂದ ಹೇಳು. ಬೇಡ, ಹೇಳಬೇಡ.

ನಾನು ಇನ್ನೂ ಅದೇ ಅಚ್ಚುಕೂಟದಲ್ಲಿದ್ದೇನೆ. ನಾವಿಬ್ಬರೂ ಎದುರುಬದುರು ಕೂರುತ್ತಿದ್ದ ಮೇಜು ಇನ್ನೂ ಕಿಟಕಿಯ ಪಕ್ಕದಲ್ಲೇ ಇದೆ, ನೀನು ಕೂರುತ್ತಿದ್ದ ಕುರ್ಚಿಯ ಮೇಲೆ ಈಗ ಕಾಗದದ ರೀಮು ಕೂತಿದೆ. ಬಂದರಿನ ಉಬ್ಬರ ಇಳಿತದ ಪಟ್ಟಿ ನಮ್ಮ ಕೈ ಬಿಟ್ಟ ಮೇಲೆ ದೊಡ್ಡ ಕೆಲಸ ಬಂದಿಲ್ಲ. ಔಷಧಿ ಸೀಸೆಯ ಚೀಟಿ, ಶಾಲೆಯ ಅಂಕಪಟ್ಟಿ, ಇಂಥವೇ. ಎದುರಿಗೆ ಕೂತು ಗುರುತು ಹಾಕುವವಳು ಈಗ ಯಾರೂ ಇಲ್ಲ. ನಾನೇ ಓದಿಕೊಳ್ಳುತ್ತೇನೆ, ನಾನೇ ತಿದ್ದುತ್ತೇನೆ.

ಈಚೆಗೆ ನನಗೆ ದನಿ ಒಡೆದಿದೆ, ಗಂಟಲಲ್ಲಿ ಕಪ್ಪೆ ಕೂತ ಹಾಗೆ. ಚಳಿಯೂ ಈ ವರ್ಷ ಜಾಸ್ತಿ, ಕಾಲಿಗೆ ಎರಡೆರಡು ಕಾಲುಚೀಲ. ವಯಸ್ಸು ನಲವತ್ತಾರಾಯಿತು, ಹುಡುಗಿಯರಲ್ಲ ನಾವು.

ಹಕ್ಕು ಗಿಕ್ಕು ಎಂದೆಲ್ಲ ಬರೆಯಬೇಡ. ಹಳೆಯದನ್ನು ಕೆದಕುವುದು ಇಬ್ಬರಿಗೂ ಬೇಡ. ಒಂದು ಮಾತು ಮಾತ್ರ ಹೇಳು. ಈ ಕಾಯಿಲೆ ನಿನಗೆ ಯಾವಾಗಿನಿಂದ ಇದೆಯಂತೆ?

ಅಕ್ಕ

—

ಮಾರ್ಚ್ 3

ಅಕ್ಕ,

ನಿನ್ನ ಕಾಗದ ಮೂರು ಸಲ ಓದಿದೆ. ಫಾರಂ ನೋಡಿ ಡಾಕ್ಟರಮ್ಮ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. "ನಿಮ್ಮಕ್ಕನ್ನ ಇಲ್ಲಿಗೇ ಕರ್ಕೊಂಡು ಬನ್ನಿ, ಕೆಲಸ ಕೊಡ್ತೀನಿ" ಎಂದರು. ಆಮೇಲೆ, ನಿಮ್ಮಕ್ಕ ತಪ್ಪು ತೋರಿಸಿದ್ದಕ್ಕೆ ನಾನು ನಿಮಗೊಂದು ತೋರಿಸುತ್ತೇನೆ ಎಂದು ತಮ್ಮ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದರು. ಇವತ್ತು ನಾನು ಬರೆಯಬೇಕಾದದ್ದು ಅದನ್ನೇ.

ಕಡ್ಡಿಯಿಂದ ನನ್ನ ಕೆನ್ನೆಯ ಒಳಗಡೆ ಸ್ವಲ್ಪ ಕೆರೆದರು. ಗಾಜಿನ ಮೇಲೆ ಸವರಿ, ಏನೋ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿ ಎಂದರು. ಮೊದಲು ಬರೀ ಮಂಜು. ತಿರುಪು ತಿರುಗಿಸಿದ ಹಾಗೆ ತಿಳಿನೀಲಿ ಬಿಲ್ಲೆಗಳು ತೇಲಿ ಬಂದವು. ನನ್ನ ಜೀವಕೋಶಗಳು. ಪ್ರತಿಯೊಂದರ ನಡುವೆ ಒಂದು ಗಾಢ ತಿರುಳು. "ಅದರ ಅಂಚು ನೋಡಿ" ಎಂದರು. ನೋಡಿದೆ. ಅಂಚಿಗೆ ಅಂಟಿಕೊಂಡು ಒಂದು ಕಪ್ಪು ಚುಕ್ಕೆ, ಅಕ್ಕ. ಇನ್ನೊಂದರಲ್ಲಿ ನೋಡಿದೆ, ಅಲ್ಲೂ ಚುಕ್ಕೆ. ಎಲ್ಲದರಲ್ಲೂ ಕಾಣಿಸಲಿಲ್ಲ, ಕೆಲವು ಮಗ್ಗುಲು ತಿರುಗಿರುತ್ತವಂತೆ. ಆದರೆ ಇದೆಯಂತೆ. ನಾವು ಅಚ್ಚುಕೂಟದ ಪ್ರೂಫಿನಲ್ಲಿ ಒಂದೊಂದು ಅಂಕಿ ನೋಡಿ, ಸರಿಯಿದ್ದರೆ ಪೆನ್ಸಿಲಿನಲ್ಲಿ ಅಂಚಿಗೊಂದು ಚುಕ್ಕೆ ಇಡುತ್ತಿದ್ದೆವಲ್ಲ, ಥೇಟ್ ಅದೇ. ನಮಗಿಂತ ಮೊದಲೇ ಯಾರೋ ಕೂತು ನನ್ನನ್ನೆಲ್ಲ ತಿದ್ದಿ ಮುಗಿಸಿದ ಹಾಗೆ ಅನಿಸಿ ಮೈ ಜುಮ್ಮೆಂದಿತು.

ಅದೇನು ಎಂದು ಕೇಳಿದೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ಎಕ್ಸ್ ಅನ್ನೋ ವರ್ಣತಂತು ಹೆಂಗಸರಿಗೆ ಎರಡು. ಅಪ್ಪ ಕೊಟ್ಟಿದ್ದೊಂದು, ಅಮ್ಮ ಕೊಟ್ಟಿದ್ದೊಂದು. ಗಂಡಸರಿಗೆ ಒಂದೇ. ಎರಡೂ ಒಟ್ಟಿಗೆ ಮಾತಾಡಿದ್ರೆ ಜೀವಕೋಶಕ್ಕೆ ತಡ್ಕೊಳ್ಳೋಕಾಗಲ್ಲ. ಅದಕ್ಕೆ ಒಂದೊಂದು ಕೋಶಾನೂ ಒಂದನ್ನ ತೆರೆದಿಟ್ಕೊಂಡು ಇನ್ನೊಂದನ್ನ ಸುತ್ತಿ ಮೂಲೆಗಿಡುತ್ತೆ. ಆ ಗಂಟೇ ನೀವು ನೋಡಿದ ಚುಕ್ಕೆ."

ಯಾವುದನ್ನು ತೆರೆದಿಡಬೇಕೆಂದು ಯಾರು ಹೇಳುತ್ತಾರೆ ಎಂದೆ.

"ಯಾರೂ ಹೇಳಲ್ಲ. ನೀವು ತಾಯಿ ಹೊಟ್ಟೇಲಿ ಇನ್ನೂ ಸಾಸಿವೆಗಿಂತ ಚಿಕ್ಕದಾಗಿದ್ದಾಗ, ಕೈಕಾಲು ಮೂಡೋಕೆ ಮುಂಚೆ, ಒಂದೊಂದು ಕೋಶಾನೂ ತಾನೇ ತೀರ್ಮಾನ ಮಾಡುತ್ತೆ. ಒಂದು ಅಮ್ಮಂದನ್ನ ಮುಚ್ಚುತ್ತೆ, ಪಕ್ಕದ್ದು ಅಪ್ಪಂದನ್ನ. ಆಮೇಲೆ ಅದರ ಮಕ್ಕಳು ಮೊಮ್ಮಕ್ಕಳು ಎಲ್ಲಾ ಅದನ್ನೇ ಪಾಲಿಸ್ತವೆ. ಸಾಯೋವರೆಗೂ ಮಾತು ತಪ್ಪಲ್ಲ."

ಅಕ್ಕ, ನನ್ನ ಕೈಯನ್ನೇ ನೋಡುತ್ತ ಕೂತೆ. ಈ ಬೆರಳಿನ ಒಂದು ಚೂರು ಅಪ್ಪನ ಪ್ರತಿ ಓದಿ ಬದುಕುತ್ತಿದೆ, ಅದರ ಪಕ್ಕದ ಚೂರು ಅಮ್ಮನದನ್ನು. ಮೈತುಂಬ ಅವರಿಬ್ಬರೂ ಸರದಿಯಲ್ಲಿ ಕೂತಿದ್ದಾರೆ. ಬದುಕಿದ್ದಾಗ ಒಂದು ಬೆಂಚಿನಲ್ಲಿ ಐದು ನಿಮಿಷ ಜಗಳವಿಲ್ಲದೆ ಕೂತವರಲ್ಲ.

ಆ ಗಂಟು ಸುತ್ತಲು ಒಂದು ಉದ್ದನೆಯ ದಾರವಿದೆಯಂತೆ, ಅದಕ್ಕೆ ಏನೇನೋ ಅಂಟಿಕೊಂಡಿರುತ್ತದಂತೆ. ಕೋಶ ಸತ್ತಾಗ ಅದು ಹೊರಗೆ ಬಿದ್ದರೆ ಕಾವಲು ಕಣಗಳು ಯಾರೋ ಪರಕೀಯರೆಂದು ಮೇಲೆ ಬೀಳಬಹುದು. ಗಂಡಸರಿಗೆ ಮುಚ್ಚಿಡಲು ಎರಡನೆಯದೇ ಇಲ್ಲ, ದಾರವೂ ಇಲ್ಲ, ಗಂಟೂ ಇಲ್ಲ. ಇನ್ನೊಂದು, ಮುಚ್ಚಿಟ್ಟ ಪ್ರತಿ ಪೂರ್ತಿ ಬಾಯಿ ಮುಚ್ಚುವುದಿಲ್ಲವಂತೆ. ಒಳಗಿನಿಂದ ಕೆಲವು ಸಾಲುಗಳನ್ನು ಓದುತ್ತಲೇ ಇರುತ್ತದೆ, ಅದರಲ್ಲಿ ಕಾವಲಿನ ಆಜ್ಞೆಗಳೂ ಇವೆ. ಹಾಗಾಗಿ ಹೆಂಗಸರ ಮೈಯಲ್ಲಿ ಕಾವಲು ಹೆಚ್ಚು ಗಟ್ಟಿ. ಸೋಂಕು ಬಂದರೆ ನಾವು ಗಂಡಸರಿಗಿಂತ ಚೆನ್ನಾಗಿ ಹೋರಾಡುತ್ತೇವೆ. ಕೆಲವೊಮ್ಮೆ ಅದೇ ಕಾವಲು ಮನೆಯವರ ಮೇಲೇ ತಿರುಗುತ್ತದೆ. ಹೀಗಿರಬಹುದು ಎಂದು ಮಾತ್ರ ಹೇಳುತ್ತೇನೆ, ಹೀಗೇ ಎಂದು ಹೇಳಲಾರೆ ಎಂದರು ಡಾಕ್ಟರಮ್ಮ.

ಇನ್ನು ನೀನು ಕೇಳಿದ ಪ್ರಶ್ನೆ. ಹಳೆಯದನ್ನು ಕೆದಕಬೇಡ ಎಂದಿದ್ದೀಯ, ಆದರೆ ಪ್ರಶ್ನೆ ಕೇಳಿದವಳೂ ನೀನೇ. ಯಾವಾಗಿನಿಂದ ಎಂದು ನಾನೂ ಅವರನ್ನು ಕೇಳಿದೆ, ಏಕೆಂದರೆ ನನಗೆ ಬೇಕಾದದ್ದು ಅದೊಂದೇ. ನಾನು ಅಚ್ಚುಕೂಟ ಬಿಟ್ಟ ಆ ವರ್ಷ ನನಗೆ ಕೂತಲ್ಲೇ ನಿದ್ದೆ ಬರುತ್ತಿತ್ತು. ನೀನು ಓದಿದ ಅಂಕಿ ನನ್ನ ಕಿವಿಗೆ ಎಲ್ಲೋ ದೂರದಿಂದ ಕೇಳಿಸುತ್ತಿತ್ತು. ಪ್ರೂಫ್ ನೋಡುವಾಗ ನಾನು ನಿದ್ದೆ ಹೋದೆ, ಇಳಿತದ ನೀರು ಸೊನ್ನೆ ಪಾಯಿಂಟ್ ನಾಲ್ಕು ಮೀಟರ್ ಇರಬೇಕಾದಲ್ಲಿ ಎರಡು ಪಾಯಿಂಟ್ ನಾಲ್ಕು ಎಂದು ಅಚ್ಚಾಯಿತು, ಅದನ್ನು ನಂಬಿ ಹೊರಟ ಫೆರ್ರಿ ಮುನ್ನೂರು ಜನರ ಸಮೇತ ಆರು ಗಂಟೆ ಕೆಸರಲ್ಲಿ ಕೂತಿತು. ಯಾರೂ ಸಾಯಲಿಲ್ಲ, ಅದು ನನ್ನ ಪುಣ್ಯ. ಆದರೆ ಅದರೊಳಗೆ ಒಬ್ಬಳು ತುಂಬು ಬಸುರಿ ಇದ್ದಳು ಎಂದು ಪತ್ರಿಕೆಯಲ್ಲಿ ಓದಿದ್ದು ನನಗೆ ಇವತ್ತಿಗೂ ಹೋಗಿಲ್ಲ.

ಅದು ಕಾಯಿಲೆಯೋ, ಬರೀ ನನ್ನ ಬೇಜವಾಬ್ದಾರಿಯೋ? ಇಷ್ಟು ತಿಳಿದರೆ ಸಾಕು. ಆ ಕಾಲದ ಫೋಟೋ ಇದ್ದರೆ ತನ್ನಿ, ಮುಖ ಊದಿದೆಯೇ, ಹುಬ್ಬು ಉದುರಿದೆಯೇ ನೋಡಿ ಅಂದಾಜು ಹೇಳುತ್ತೇನೆ ಎಂದಿದ್ದಾರೆ. ನನ್ನ ಹತ್ತಿರ ಒಂದೂ ಇಲ್ಲ. ನಿನ್ನ ಬೀರುವಿನಲ್ಲಿ ಇರಬೇಕು. ನೋಡುತ್ತೀಯಾ?

ನಿನ್ನ ತಂಗಿ

—

ಏಪ್ರಿಲ್ 19

ಲೇಟು,

ಫೋಟೋ ಸಿಗಲಿಲ್ಲ. ಬೀರುವಿನ ಬೀಗ ಕೆಟ್ಟಿದೆ, ತೆಗೆಯಲು ಬರುವುದಿಲ್ಲ.

ನಿನಗೆ ನಿದ್ದೆ ಬಂದಿತ್ತು, ಆಗಬಾರದ್ದು ಆಯಿತು, ಮುಗಿಯಿತು. ಕಾಯಿಲೆಯೋ ಇನ್ನೊಂದೋ, ಈಗ ಗೊತ್ತಾಗಿ ಏನಾಗಬೇಕು? ಮಾತ್ರೆ ತೆಗೆದುಕೊಂಡು ಆರಾಮಾಗಿರು. ನನಗೆ ಇಲ್ಲಿ ಕೆಲಸ ಬಹಳ.

ಅಕ್ಕ

—

ಏಪ್ರಿಲ್ 28

ಅಕ್ಕ,

ಫೋಟೋ ಕೇಳಿದ್ದು ನನ್ನ ತಪ್ಪು. ಇಷ್ಟು ದಿನ ಉತ್ತರ ಬಾರದಿದ್ದಾಗಲೇ ಅರ್ಥ ಮಾಡಿಕೊಳ್ಳಬೇಕಿತ್ತು. ನನ್ನಿಂದ ನಿನ್ನ ಅಚ್ಚುಕೂಟದ ಹೆಸರು ಹೋಯಿತು, ಎದುರಿಗೆ ಕೂರುವವಳು ಹೋದಳು. ನಾನೀಗ ಕಾಯಿಲೆಯ ನೆಪ ಹಿಡಿದು ಬಂದರೆ ನಿನಗೆ ಮೈಯೆಲ್ಲ ಉರಿಯುವುದು ಸಹಜ. ಇನ್ನು ಆ ಮಾತು ಎತ್ತುವುದಿಲ್ಲ.

ಆದರೆ ಬೇರೆ ಒಂದು ಮಾತಿಗೆ ಬರೆಯಲೇಬೇಕಾಗಿದೆ. ನಮ್ಮ ರಕ್ತದ ಫಲಿತಾಂಶ ಬಂದಿದೆ. ನಿನ್ನದರಲ್ಲಿ ಅರ್ಧ ಕೋಶಗಳು ಒಂದು ಪ್ರತಿಯನ್ನು ತೆರೆದಿವೆ, ಅರ್ಧ ಇನ್ನೊಂದನ್ನು. ಇದ್ದರೆ ಹೀಗಿರಬೇಕು ಎನ್ನುವ ಹಾಗೆ. ನನ್ನದರಲ್ಲಿ ಹತ್ತಕ್ಕೆ ಒಂಬತ್ತು ಒಂದೇ ಕಡೆಗೆ ವಾಲಿವೆ. ಅವು ಅಪ್ಪನ ಕಡೆಗೋ ಅಮ್ಮನ ಕಡೆಗೋ ಎಂದು ಕೇಳಿದೆ. "ಅವರಿಬ್ಬರ ರಕ್ತ ಇಲ್ದೆ ಹೇಳೋಕಾಗಲ್ಲಮ್ಮ" ಎಂದರು. ಹಾಗಾಗಿ ನಾನು ಯಾರ ಮಗಳೆಂದು ಅವರಿಬ್ಬರೂ ಮೇಲೆ ಕೂತು ಇನ್ನೂ ವಾದ ಮಾಡುತ್ತಿರಬಹುದು.

ಕಾವಲು ಕಣಗಳಿಗೆ ಎಳವೆಯಲ್ಲಿ ಒಂದು ಪಾಠಶಾಲೆ ಇರುತ್ತದಂತೆ, ಮನೆಯವರು ಯಾರು ಎಂದು ಗುರುತು ಹಿಡಿಯಲು ಕಲಿಯುವ ಜಾಗ. ನನ್ನ ಮೈಯಲ್ಲಿ ಅಲ್ಲಿಯೂ ಹೀಗೇ ವಾಲಿದ್ದರೆ, ಅವು ಒಬ್ಬರ ಮುಖವನ್ನೇ ನೋಡಿ ನೋಡಿ ಕಲಿತವು. ಇನ್ನೊಬ್ಬರ ಮುಖ ಅವಕ್ಕೆ ಹೆಚ್ಚು ಕಂಡೇ ಇಲ್ಲ. ಆಮೇಲೆ ಕತ್ತಿನ ಗ್ರಂಥಿಯಲ್ಲಿ ಆ ಮುಖ ಎದುರಾದಾಗ, ನೀನ್ಯಾರು ಎಂದು ಹಿಡಿದುಕೊಂಡವು. ಇದೂ ಒಂದು ಊಹೆ, ಅಕ್ಕ. ಆದರೂ ನೋಡು, ನಾನು ನೀನು ಒಂದೇ ಹಸ್ತಪ್ರತಿ, ಒಂದು ಅಕ್ಷರ ಹೆಚ್ಚು ಕಡಿಮೆ ಇಲ್ಲ. ಸಾಸಿವೆಗಿಂತ ಚಿಕ್ಕದಾಗಿದ್ದ ದಿನ ಕೆಲವು ಕೋಶಗಳು ಎಡಕ್ಕೋ ಬಲಕ್ಕೋ ತಿರುಗಿದ್ದಕ್ಕೆ, ಸುಮಾರು ನಲವತ್ತು ವರ್ಷದ ಮೇಲೆ ಒಬ್ಬಳು ಸೆಕೆಯಲ್ಲಿ ಸ್ವೆಟರ್ ಹಾಕಿಕೊಂಡು ಗಾಡಿ ತಳ್ಳುತ್ತಾಳೆ. ಇದನ್ನು ಯೋಚಿಸಿದರೆ ನನಗೆ ಸಿಟ್ಟೂ ಬರುವುದಿಲ್ಲ, ದುಃಖವೂ ಬರುವುದಿಲ್ಲ. ಸುಮ್ಮನೆ ಬೆರಗಾಗಿ ಕೂತುಬಿಡುತ್ತೇನೆ.

ಅಮ್ಮ ನೆನಪಾದಳು. ಯಾವಾಗಲೂ ಶಾಲು ಹೊದ್ದು ಒಲೆಯ ಪಕ್ಕ ಕೂರುತ್ತಿದ್ದಳು. ಎಲ್ಲರೂ ಅವಳನ್ನು ಸೋಮಾರಿ ಎಂದರು, ನಾವೂ ಎಂದೆವು. ಅವಳ ಕತ್ತು ದಪ್ಪಗಿತ್ತಲ್ಲ?

ಈಗ ಮುಖ್ಯ ಮಾತು. ಡಾಕ್ಟರಮ್ಮ ನಿನಗೆ ಬೇರೆ ಕಾಗದ ಬರೆದಿದ್ದಾರೆ. ಅದರಲ್ಲೇನಿದೆ ಎಂದು ನನಗೆ ಹೇಳಲಿಲ್ಲ. ಹೇಳದಿದ್ದದ್ದರಿಂದಲೇ ಊಹಿಸಿದೆ. ವಾಲದೆ ನೆಟ್ಟಗಿದ್ದವರಿಗೂ ಈ ಕಾಯಿಲೆ ಬರುತ್ತದೆ, ಕಾರಣ ಒಂದೇ ಇರುವುದಿಲ್ಲ. ನಿನ್ನ ಕಾಗದದಲ್ಲಿ ಒಡೆದ ದನಿ, ಎರಡೆರಡು ಕಾಲುಚೀಲ ಎಂದು ಇತ್ತು. ವಯಸ್ಸು ಎಂದು ತಳ್ಳಿಹಾಕಬೇಡ, ನಾನೂ ಮೂರು ವರ್ಷ ಹಾಗೇ ತಳ್ಳಿಹಾಕಿದ್ದೆ. ಪರೀಕ್ಷೆ ಮಾಡಿಸಿಕೋ. ನನ್ನ ಮೇಲಿನ ಕೋಪಕ್ಕೆ ನಿನ್ನ ಕತ್ತಿಗೆ ಶಿಕ್ಷೆ ಕೊಡಬೇಡ.

ನಿನ್ನ ತಂಗಿ

—

ಜೂನ್ 10

ತಂಗಿ,

ನಿನ್ನ ಊಹೆ ಸರಿ. ನನಗೂ ಶುರುವಾಗಿದೆ. ನಾನೂ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಗೆ ಮಾತ್ರೆ ನುಂಗುತ್ತೇನೆ. ಮೊದಲ ವಾರ ನುಂಗುವಾಗೆಲ್ಲ ನೀನು ಅಲ್ಲಿ ಇದೇ ಹೊತ್ತಿಗೆ ಲೋಟ ಎತ್ತುತ್ತಿರಬಹುದು ಎಂದುಕೊಂಡೆ. ಅಳು ಬಂತು. ಕಾಯಿಲೆಯ ಲಕ್ಷಣಗಳಲ್ಲಿ ಅದೂ ಒಂದು ಎಂದು ಇಲ್ಲಿನ ಡಾಕ್ಟರು ಹೇಳಿದರು. ಅವರಿಗೇನು ಗೊತ್ತು.

ಆದರೆ ಬರೆಯಬೇಕಾದದ್ದು ಇದಲ್ಲ. ಬರೆಯದೆ ಒಂದೂವರೆ ತಿಂಗಳು ತಪ್ಪಿಸಿಕೊಂಡು ಓಡಾಡಿದೆ.

ಮೇ ತಿಂಗಳಲ್ಲಿ ಒಂದು ದಿನ ಔಷಧಿ ಚೀಟಿಯ ಪ್ರೂಫ್ ನೋಡುತ್ತಿದ್ದೆ. ಒಂದೇ ಸಾಲು ನಾಲ್ಕು ಸಲ ಓದಿದೆ, ತಲೆಗೆ ಹೋಗಲಿಲ್ಲ. ಕಣ್ಣು ಮುಚ್ಚಿಕೊಂಡು ಹೋಯಿತು. ಅಚ್ಚುಕೂಟದ ಯಜಮಾನರು ಹಿಂದಿನಿಂದ ಬಂದು ನಗುತ್ತ, "ಏನಮ್ಮ, ನಿಮಗೂ ನಿದ್ದೆನಾ?" ಎಂದರು. ಆ 'ನಿಮಗೂ' ಎನ್ನುವುದು ನನ್ನ ಎದೆಗೆ ನಾಟಿತು. ನಾನು ನಿದ್ದೆ ಮಾಡಿರಲಿಲ್ಲ, ತಂಗಿ. ಎಚ್ಚರವಾಗಿರಲು ಮೈಯಲ್ಲಿದ್ದ ಕಸುವನ್ನೆಲ್ಲ ಹಾಕಿ ಹೆಣಗುತ್ತಿದ್ದೆ. ಹಾಗೆ ಹೆಣಗುವುದು ಹೊರಗಿನಿಂದ ನೋಡುವವರಿಗೆ ನಿದ್ದೆಯಂತೆ ಕಾಣುತ್ತದೆ ಎಂದು ನನಗೆ ಅವತ್ತೇ ತಿಳಿದದ್ದು.

ಮನೆಗೆ ಬಂದು ಬೀರು ತೆಗೆದೆ. ಬೀಗ ಕೆಟ್ಟಿರಲಿಲ್ಲ. ಏಪ್ರಿಲ್‌ನಲ್ಲಿ ನಿನ್ನ ಫೋಟೋ ಹುಡುಕಲು ತೆಗೆದಾಗ, ಫೋಟೋಗಳ ಕೆಳಗೆ ಆ ಪ್ರೂಫ್ ಕಟ್ಟು ಕಂಡು ತಕ್ಷಣ ಮುಚ್ಚಿಬಿಟ್ಟಿದ್ದೆ. ಹೌದು, ಉಬ್ಬರ ಇಳಿತದ ಪಟ್ಟಿಯ ಪ್ರೂಫ್. ಹನ್ನೊಂದು ವರ್ಷದ ಹಿಂದೆ ನೀನು ಹೋದ ವಾರವೇ ಅದನ್ನು ಅಚ್ಚುಕೂಟದಿಂದ ಮನೆಗೆ ತಂದಿಟ್ಟೆ. ಒಂದು ಸಲವೂ ಬಿಚ್ಚಿ ನೋಡಲಿಲ್ಲ. ಏಕೆ ತಂದೆ, ಏಕೆ ನೋಡಲಿಲ್ಲ ಎಂದು ನನ್ನನ್ನು ನಾನು ಕೇಳಿಕೊಳ್ಳಲೂ ಇಲ್ಲ. ಈ ಸಲ ಬಿಚ್ಚಿದೆ.

ಆ ತಿಂಗಳ ಪುಟದಲ್ಲಿ ನೂರ ಇಪ್ಪತ್ತು ಸಾಲು. ಪ್ರತಿ ಸಾಲಿಗೆ ಎರಡು ಅಂಕಿ, ಹೊತ್ತು ಒಂದು, ನೀರಿನ ಎತ್ತರ ಒಂದು. ಪ್ರತಿ ಅಂಕಿಗೂ ನಿನ್ನ ಪೆನ್ಸಿಲ್ ಚುಕ್ಕೆ ಇದೆ. ಅನುಮಾನ ಬಂದ ಕಡೆ ಚುಕ್ಕೆಯ ಬದಲು ಪ್ರಶ್ನೆಯ ಗುರುತು. ಅಂಥವು ಇಪ್ಪತ್ತೆರಡು. ಹದಿನೇಳನೇ ತಾರೀಖಿನ ಬೆಳಗಿನ ಇಳಿತ, ಎರಡು ಪಾಯಿಂಟ್ ನಾಲ್ಕು, ಅದರ ಮುಂದೆ ನಿನ್ನ ಪ್ರಶ್ನೆ ಇದೆ. ಅದರ ಮೇಲೆ ಕೆಂಪು ಶಾಯಿಯಲ್ಲಿ 'ಸರಿ' ಎಂದು ಬರೆದಿದೆ. ಅದು ನನ್ನ ಕೈ.

ಈಗ ಎಲ್ಲ ಬಿಡಿಸಿ ಹೇಳುತ್ತೇನೆ. ಅವತ್ತು ನಾನು ಮೂಲದಿಂದ ಗಟ್ಟಿಯಾಗಿ ಓದುತ್ತಿದ್ದೆ, ನೀನು ಪ್ರೂಫ್ ನೋಡುತ್ತಿದ್ದೆ. "ಅಕ್ಕ, ಇನ್ನೊಂದ್ಸಲ ಓದು" ಎಂದು ಮತ್ತೆ ಮತ್ತೆ ತಡೆಯುತ್ತಿದ್ದೆ. ನನಗೆ ತಾಳ್ಮೆ ಹೋಗಿತ್ತು. "ಪ್ರಶ್ನೆ ಹಾಕ್ಕೊಂಡು ಮುಂದೆ ನಡಿ, ಕೊನೇಲಿ ನಾನೇ ನೋಡ್ತೀನಿ" ಎಂದೆ. ಕೊನೆಯಲ್ಲಿ ನೋಡಿದೆ. ಮೊದಲ ಆರು ಪ್ರಶ್ನೆ ಮೂಲದ ಜೊತೆ ಹೋಲಿಸಿದೆ, ಆರೂ ಸರಿಯಾಗಿದ್ದವು. ನೀನು ಮಂಪರಿನಲ್ಲಿ ಸುಮ್ಮನೆ ಹಾಕಿದ್ದೀಯ ಎಂದುಕೊಂಡು ಉಳಿದ ಹದಿನಾರಕ್ಕೂ ನೋಡದೆ ಸರಿ ಎಂದು ಬರೆದೆ. ಹತ್ತೊಂಬತ್ತನೆಯದು ಫೆರ್ರಿಯದು.

ನೀನು ನಿದ್ದೆ ಹೋದದ್ದು ನಿಜ. ಆದರೆ ಅದು ಮುಂದಿನ ಪುಟದಲ್ಲಿ. ಮೇಜಿನ ಮೇಲೆ ತಲೆಯಿಟ್ಟಿದ್ದ ನಿನ್ನನ್ನು ನಾನು ಎಬ್ಬಿಸಿದ್ದು ಅಲ್ಲಿ. ಫೆರ್ರಿ ಕೂತ ಮೇಲೆ ಯಜಮಾನರು ಕರೆದು ಕೇಳಿದಾಗ ನನ್ನ ಬಾಯಿಗೆ ಮೊದಲು ಬಂದದ್ದು "ಅವಳು ನಿದ್ದೆ ಮಾಡ್ತಿದ್ದಳು" ಎಂಬುದು. ನೀನು ಒಪ್ಪಿಕೊಂಡು ತಲೆ ಆಡಿಸಿದೆ. "ಅಕ್ಕ ಹೇಳಿದ್ರೆ ಹಾಗೇ ಇರಬೇಕು" ಎಂದೆ. ನೀನು ತಲೆ ಆಡಿಸದೆ ಜಗಳ ಮಾಡಿದ್ದರೆ ನಾನು ಕಟ್ಟು ಬಿಚ್ಚಿ ನೋಡುತ್ತಿದ್ದೆನೇನೋ. ನೋಡು, ಈಗಲೂ ತಪ್ಪನ್ನು ನಿನ್ನ ಕಡೆಗೇ ನೂಕುತ್ತಿದ್ದೇನೆ.

ನನಗೆ ಗೊತ್ತಿತ್ತೇ? ಅರ್ಧ ಗೊತ್ತಿತ್ತು. ಆ ಅರ್ಧವನ್ನು ಸುತ್ತಿ ಬೀರುವಿನಲ್ಲಿಟ್ಟೆ.

ನಿನಗೆ ನೆಟ್ಟಗೆ ಕೂರಲಾಗುತ್ತಿರಲಿಲ್ಲ, ಕಿವಿ ಮಂಕಾಗಿತ್ತು, ನಿನ್ನ ಮೈ ನಿನ್ನನ್ನೇ ತಿನ್ನುತ್ತಿತ್ತು. ಆದರೂ ಇನ್ನೂರ ನಲವತ್ತು ಅಂಕಿಯಲ್ಲಿ ಒಂದನ್ನೂ ನೀನು ಬಿಟ್ಟಿಲ್ಲ. ಅನುಮಾನ ಬಂದಾಗ ಕೇಳಿದ್ದೀಯ. ನಾಲ್ಕು ದಿನ ಆ ಹಾಳೆಯನ್ನು ಮೇಜಿನ ಮೇಲೆ ಹರಡಿಕೊಂಡು ನೋಡುತ್ತಲೇ ಇದ್ದೆ. ಚುಕ್ಕೆಗಳು ನಡುಗಿವೆ, ಕೆಲವು ಸಾಲು ಬಿಟ್ಟು ಜಾರಿವೆ. ನೀನು ಮೈಕ್ರೋಸ್ಕೋಪಿನಲ್ಲಿ ಏನು ಕಂಡೆಯೋ ಅದನ್ನು ನಾನು ಕಂಡಿಲ್ಲ. ಇದನ್ನು ಕಂಡೆ, ನನಗೆ ಸಾಕು.

ಹಾಳೆ ಕಳಿಸುತ್ತಿದ್ದೇನೆ, ಎರಡು ಫೋಟೋ ಕೂಡ. ಯಜಮಾನರಿಗೆ ಎಲ್ಲ ಹೇಳಿದ್ದೇನೆ. ಅವರು ಎದ್ದು ಹೋಗಿ ನಿನ್ನ ಕುರ್ಚಿಯ ಮೇಲಿದ್ದ ರೀಮು ಕೆಳಗಿಳಿಸಿದರು. ಹೊಟ್ಟೆಗೆ ಹಾಕಿಕೋ ಎಂದು ನಾನು ಬೇಡುವುದಿಲ್ಲ. ಉತ್ತರ ಬರೆಯದಿದ್ದರೂ ನನಗೆ ಅರ್ಥವಾಗುತ್ತದೆ.

ನಿನ್ನನ್ನು ಆ ಹೆಸರಿಂದ ಇನ್ನು ಕರೆಯಲಾರೆ.

ಅಕ್ಕ

—

ಜುಲೈ 2

ಅಕ್ಕ,

ನಿನ್ನ ಕಾಗದ ಬಂದ ಮೇಲೆ ಒಂಬತ್ತು ದಿನ ನಾನು ನಿನ್ನನ್ನು ಬೈದೆ. ಫೈಲುಗಳ ಸಾಲಿನ ನಡುವೆ ನಿಂತು, ಯಾರೂ ಇಲ್ಲದಾಗ, ಗಟ್ಟಿಯಾಗಿಯೇ ಬೈದೆ. ನಿನ್ನ ದನಿಯೂ ಅದೇ ಆದ್ದರಿಂದ ನೀನೇ ನಿನ್ನನ್ನು ಬೈದುಕೊಂಡ ಹಾಗೆ ಕೇಳಿಸಿತು. ಹನ್ನೊಂದು ವರ್ಷ, ಅಕ್ಕ. ಕಾಣದ ಆ ಬಸುರಿಯ ಹತ್ತಿರ ನಾನು ದಿನಾ ಕ್ಷಮೆ ಕೇಳಿದ್ದೇನೆ. ಅದನ್ನು ನೀನು ವಾಪಸ್ ಕೊಡಲಾರೆ, ನಾನು ಸುಮ್ಮನೆ ಬಿಟ್ಟುಬಿಡಲೂ ಆರೆ. ಇಷ್ಟು ಹೇಳಬೇಕಿತ್ತು, ಹೇಳಿದೆ.

ಹತ್ತನೇ ದಿನ ಹಾಳೆ ಬಿಚ್ಚಿದೆ. ಡಾಕ್ಟರಮ್ಮನಿಗೂ ತೋರಿಸಿದೆ. ಫೋಟೋ ನೋಡಿ, "ಆಗಲೇ ಶುರುವಾಗಿತ್ತು ಅನ್ಸುತ್ತೆ, ಆದ್ರೆ ಫೋಟೋ ನೋಡಿ ಖಚಿತವಾಗಿ ಹೇಳೋಕಾಗಲ್ಲ" ಎಂದರು. ಪರವಾಗಿಲ್ಲ, ಈಗ ನನಗೆ ಆ ಉತ್ತರ ಬೇಕಿಲ್ಲ ಎಂದೆ. ಅವರು ಹಾಳೆಯನ್ನು ದೀಪದ ಕೆಳಗೆ ಹಿಡಿದು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. ಜೀವಕೋಶ ನೋಡುವಾಗ ಅವರ ಮುಖ ಹೇಗಾಗುತ್ತದೋ ಹಾಗೇ ಆಗಿತ್ತು. "ಇಷ್ಟು ಸುಸ್ತಲ್ಲಿ ಹೇಗಮ್ಮ ಮಾಡಿದ್ರಿ ಇದನ್ನ?" ಎಂದರು. ನನಗೆ ಗೊತ್ತಿಲ್ಲ. ನನ್ನ ಮೈಯಲ್ಲಿ ಎಷ್ಟೋ ಕೋಟಿ ಕೋಶಗಳು ಸಾಸಿವೆಯ ಕಾಲದಲ್ಲಿ ಕೊಟ್ಟ ಮಾತನ್ನು ಇವತ್ತಿಗೂ ಪಾಲಿಸುತ್ತಿವೆ, ಹೇಗೆ ಎಂದು ಅವಕ್ಕೂ ಗೊತ್ತಿರಲಾರದು. ನಾನೂ ಎಣಿಸಿದೆ, ನೀನು ಹೇಳಿದ್ದನ್ನು ನಂಬದೆ. ಚುಕ್ಕೆ ಇನ್ನೂರ ಹದಿನೆಂಟು, ಪ್ರಶ್ನೆ ಇಪ್ಪತ್ತೆರಡು.

ಕಾಯಿಲೆ ಎನ್ನುವುದು ನನಗೊಂದು ನೆಪವಾಗಲಿ ಎಂದು ಕಾಯುತ್ತಿದ್ದೆ, ಅಕ್ಕ. ನೆಪ ಬೇಕಾಗಿಯೇ ಇರಲಿಲ್ಲ. ಕಾಯಿಲೆಯೂ ಇತ್ತು, ಕೆಲಸವೂ ಸರಿಯಾಗಿತ್ತು. ಎರಡೂ ಒಂದೇ ಮೈಯಲ್ಲಿ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಈಗ ಕೇಳು. ಡಾಕ್ಟರಮ್ಮನ ಲೇಖನ ಅಚ್ಚಿಗೆ ಹೋಗುತ್ತಿದೆ, ಪ್ರೂಫ್ ಬಂದಿದೆ. ಎಂಟು ಪುಟ, ಅದರಲ್ಲಿ ಐದು ಪುಟ ಬರೀ ಅಂಕಿ. ಮೂವತ್ತೊಂದು ಜೋಡಿ ಅವಳಿಗಳು. ಹದಿನೇಳನೇ ಜೋಡಿ ನಾವು, ಹೆಸರಿಲ್ಲ, ನಮ್ಮ ಮುಂದೆ ನಾಲ್ಕು ಅಂಕಿ ಮಾತ್ರ. ಕಾಯಿಲೆಯಿಲ್ಲದವಳು ಎಂದಿದ್ದ ಕಡೆ ನಿನ್ನ ಬಗ್ಗೆ ಈಗ ಒಂದು ಅಡಿಟಿಪ್ಪಣಿ ಬಂದಿದೆ. ತಪ್ಪಿಲ್ಲದೆ ಹೋಗಬೇಕು, ನಿಮ್ಮಕ್ಕನನ್ನು ಕರೆಸಿ ಎಂದು ಡಾಕ್ಟರಮ್ಮ ಹಟ ಹಿಡಿದಿದ್ದಾರೆ. ನಾನು ಆಗಲಿ ಎಂದಿದ್ದೇನೆ.

ಬಾ. ಮಾತ್ರೆ ಮರೆಯದೆ ತಾ. ನನ್ನ ಕೋಣೆಯಲ್ಲಿ ಕಿಟಕಿ ಪಕ್ಕ ಒಂದು ಮೇಜಿದೆ, ಎರಡು ಕುರ್ಚಿ ಹಾಕಿಟ್ಟಿದ್ದೇನೆ. ನೀನು ಓದು, ನಾನು ಚುಕ್ಕೆ ಇಡುತ್ತೇನೆ. ನಾನು ಈಗಲೂ ನಿಧಾನ. ನಾನು ಪ್ರಶ್ನೆ ಹಾಕಿದ ಕಡೆಯೆಲ್ಲ ನೀನು ನಿಲ್ಲಬೇಕು. ಇಪ್ಪತ್ತೆರಡಾದರೆ ಇಪ್ಪತ್ತೆರಡನ್ನೂ ನೋಡಬೇಕು.

ಲೇಟು